ದೋಣಿ ಕಟ್ಟಿಕೊಂಡು ಹೊರಟವಳಿಗೆ

ನಿನ್ನ ಪ್ರವಾಸದ ಯೋಜನೆಯನ್ನು ಕೂತು ಓದಿದೆ, ಮಗಳೇ. ಚೆನ್ನೈ ಬಂದರಿನಿಂದ ಎಂಟರ್‌ಪ್ರೈಸ್ ಹಾಯಿದೋಣಿಯನ್ನು ಟ್ರೇಲರಿಗೆ ಏರಿಸಿ, ಗೆಳೆಯರು ನಾಲ್ವರೂ ಸೇರಿ ಬೆಂಗಳೂರು ದಾಟಿ ಕನ್ನಂಬಾಡಿಯ, ಅಂದರೆ ಕೆಆರ್‌ಎಸ್‌ನ, ಹಿನ್ನೀರಿಗೆ ಹೋಗುವುದು. ಅಲ್ಲಿ ಒಂದೆರಡು ದಿನ ಹಾಯಿ ಬಿಡುವುದು. ಆಮೇಲೆ ಘಟ್ಟ ಇಳಿದು ಮಲ್ಪೆಯಲ್ಲಿ ದೋಣಿಯನ್ನು ಅರಬ್ಬೀ ಸಮುದ್ರಕ್ಕೆ ಇಳಿಸುವುದು. ಮೂಡಣ ಕಡಲಿನಿಂದ ಪಡುವಣ ಕಡಲಿಗೆ, ನಡುವೆ ಕಾವೇರಿ. ಓದಿ ಬಹಳ ಸಂತೋಷವಾಯಿತು. ಗಾಳಿ, ಅಲೆ, ಲೈಫ್ ಜಾಕೆಟ್, ಹೆಚ್ಚುವರಿ ಹಗ್ಗ, ಸೀಟಿ, ಎಲ್ಲವನ್ನೂ ವಿವರವಾಗಿ ಬರೆದಿದ್ದೀಯ. ರಸ್ತೆಯ ಬಗ್ಗೆ ಇರುವುದು ಒಂದೇ ಸಾಲು: ಬೆಳಗಿನ ಜಾವ 3ಕ್ಕೆ ಹೊರಟು ಅದೇ ದಿನ ಕೆಆರ್‌ಎಸ್. ನಾನು ಇಷ್ಟುದ್ದ ಬರೆಯಲು ಕೂತಿರುವುದು ಆ ಒಂದು ಸಾಲಿನ ಸಲುವಾಗಿ.

ನೀರಿಗಿಳಿಯುವಾಗ ನೀವೆಲ್ಲ ಎಷ್ಟು ಜಾಗ್ರತೆ ವಹಿಸುತ್ತೀರಿ ಎಂಬುದನ್ನು ನೋಡಿದ್ದೇನೆ. ಒಬ್ಬರ ಜಾಕೆಟ್ಟಿನ ಬಕಲ್ಲನ್ನು ಇನ್ನೊಬ್ಬರು ಎಳೆದು ನೋಡುತ್ತೀರಿ. ಆಕಾಶ ನೋಡುತ್ತೀರಿ. ಚುಕ್ಕಾಣಿ ಹಿಡಿದವರ ಮಾತೇ ಕೊನೆ ಎಂದು ಒಪ್ಪುತ್ತೀರಿ. ಅದೇ ಹುಡುಗರು ದಡಕ್ಕೆ ಬಂದು ಕಾರು ಹತ್ತಿದರೆ ಆ ಶಿಸ್ತೆಲ್ಲ ದಡದಲ್ಲೇ ಉಳಿಯುತ್ತದೆ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು ಎಂದು ಕೇಂದ್ರ ಸಾರಿಗೆ ಸಚಿವಾಲಯವೇ ಪ್ರಕಟಿಸಿದೆ. ನಿಮ್ಮ ಪ್ರವಾಸದಲ್ಲಿ ಅಪಾಯ ಹೆಚ್ಚಿರುವುದು ಮಲ್ಪೆಯ ಅಲೆಗಳಲ್ಲಲ್ಲ, ಶ್ರೀಪೆರಂಬುದೂರಿಗೂ ಹೊಸೂರಿಗೂ ನಡುವಿನ ಡಾಂಬರಿನ ಮೇಲೆ. ಸಮುದ್ರಕ್ಕೆ ಕೊಡುವ ಮರ್ಯಾದೆಯನ್ನು ರಸ್ತೆಗೂ ಕೊಡಿ ಎಂಬುದೇ ನನ್ನ ಮಾತು. ಉಳಿದದ್ದು ಅದರ ವಿವರ.

ಬಂದರಿನೊಳಗೆ ನೀವು ದೋಣಿ ಕಲಿತ ರಾಯಲ್ ಮದ್ರಾಸ್ ಯಾಟ್ ಕ್ಲಬ್ಬನ್ನು 1911ರಲ್ಲಿ ಕಟ್ಟಿದವರು ಸರ್ ಫ್ರಾನ್ಸಿಸ್ ಸ್ಪ್ರಿಂಗ್, ಮದ್ರಾಸ್ ಪೋರ್ಟ್ ಟ್ರಸ್ಟಿನ ಅಧ್ಯಕ್ಷರು. ಮರುವರ್ಷ ಶ್ರೀನಿವಾಸ ರಾಮಾನುಜನ್ ಗುಮಾಸ್ತರಾಗಿ ಸೇರಿದ್ದು ಇವರ ಕಚೇರಿಗೇ. ಮದ್ರಾಸಿನ ಮೋಟಾರು ನೋಂದಣಿಯಲ್ಲಿ ಎಂ.ಸಿ. 1 ಎಂಬ ಸಂಖ್ಯೆ ಪಡೆದ ಕಾರೂ ಇವರದೇ. ಹಾಯಿದೋಣಿಯ ಹುಚ್ಚು, ಮೋಟಾರಿನ ಹುಚ್ಚು ಎರಡೂ ಒಬ್ಬರಲ್ಲೇ ಇದ್ದವು ನೋಡು. ಇನ್ನೊಂದು ಮಾತು. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದೂ 1911ರಲ್ಲೇ. ಮದ್ರಾಸಿಗೂ ಮೈಸೂರಿಗೂ ಆ ನೀರಿನ ಬಗ್ಗೆ ನಡೆದ ವಾದ, 1924ರ ಒಪ್ಪಂದ, ಆಮೇಲಿನ ಗಲಾಟೆಗಳೆಲ್ಲ ನಿನಗೆ ಗೊತ್ತು. ಆ ಮದ್ರಾಸಿನ ದೋಣಿಯೊಂದು ಆ ನೀರಿನಲ್ಲಿ ಸುಮ್ಮನೆ ಖುಷಿಗಾಗಿ ತೇಲಲು ಹೊರಟಿದೆ ಎಂಬುದು ನನ್ನ ಮನಸ್ಸಿಗೆ ಬಹಳ ಹಿತವಾಗಿದೆ. ಇದು ಸುಸೂತ್ರವಾಗಿ ನಡೆಯಬೇಕು.

ಮೊದಲು ದಿನಾಂಕ. ಡಿಸೆಂಬರ್ ಕೊನೆಯ ವಾರ ಬೇಡ. ಬೇರೆ ಊರಿನವರಿಗೆ ಅದು ಚಳಿಗಾಲ, ನಮ್ಮ ಚೆನ್ನೈಗೆ ಅದಿನ್ನೂ ಹಿಂಗಾರಿನ ಬಾಲ. ಥಾಣೆ ಚಂಡಮಾರುತ ಪುದುಚೇರಿ, ಕಡಲೂರಿನ ಮೇಲೆ ಎರಗಿದ್ದು 2011ರ ಡಿಸೆಂಬರ್ 30ಕ್ಕೆ, ಎಲ್ಲರೂ ಹೊಸ ವರ್ಷದ ಗುಂಗಿನಲ್ಲಿದ್ದಾಗ. ವರ್ಧಾ ಬಂದದ್ದು 2016ರ ಡಿಸೆಂಬರ್ 12ಕ್ಕೆ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ನಗರವನ್ನು ಮುಳುಗಿಸಿದಾಗ ನಿಮ್ಮ ಬೀದಿಯಲ್ಲೇ ಮೊಣಕಾಲುದ್ದ ನೀರಿತ್ತು. ಅಂಥ ದಿನಗಳಲ್ಲಿ ಬಂದರಿನ ದೋಣಿಗಳನ್ನು ಬಿಗಿದು ಕಟ್ಟಲು ಕೈಗಳು ಬೇಕು, ಊರು ಬಿಟ್ಟು ಹೋಗುವ ಹೊತ್ತಲ್ಲ ಅದು. ಪೊಂಗಲ್‌ಗೆ ಮುಂಚಿನ ಮೂರು ನಾಲ್ಕು ದಿನವೂ ಬೇಡ. ಚೆನ್ನೈ ಅರ್ಧ ಖಾಲಿಯಾಗಿ ಹೆದ್ದಾರಿಯಲ್ಲಿ ಸಾಲುಗಟ್ಟಿರುತ್ತದೆ. ಕಾಣುಂ ಪೊಂಗಲ್ ಕಳೆದು, ಗಣರಾಜ್ಯೋತ್ಸವದ ರಜೆಗೆ ಮೊದಲು ಸಿಗುವ ವಾರ ಎಲ್ಲಕ್ಕಿಂತ ಒಳ್ಳೆಯದು. ಸರಿಸಂಖ್ಯೆಯ ವರ್ಷವಾದರೆ ಜನವರಿ 18ಕ್ಕೆ ಉಡುಪಿಯಲ್ಲಿ ಪರ್ಯಾಯೋತ್ಸವ ಇರುತ್ತದೆ, ಆ ಆಸುಪಾಸಿನಲ್ಲಿ ಅಲ್ಲಿ ಕಾರು ನಿಲ್ಲಿಸಲೂ ಜಾಗ ಸಿಗದು, ದೋಣಿಯ ಮಾತು ದೂರ. ಅದು ಮುಗಿದ ಮೇಲೆ ಮಲ್ಪೆ ತಲುಪುವ ಹಾಗೆ ಲೆಕ್ಕ ಹಾಕು. ಜನವರಿಯಲ್ಲಿ ಪಡುವಣ ಕರಾವಳಿಯ ಗಾಳಿಯೂ ಹದವಾಗಿರುತ್ತದೆ. ಬೆಳಗ್ಗೆ ನೆಲದಿಂದ ಕಡಲಿಗೆ ಮೆಲ್ಲಗೆ, ಮಧ್ಯಾಹ್ನದ ಮೇಲೆ ವಾಯವ್ಯದಿಂದ ಚುರುಕಾಗಿ.

ಕಾಗದಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ. ಟ್ರೇಲರ್ ಕೂಡ ಕಾನೂನಿನ ಕಣ್ಣಿನಲ್ಲಿ ಒಂದು ವಾಹನ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅದಕ್ಕೂ ನೋಂದಣಿ ಬೇಕು, ಅದರ ಸಂಖ್ಯೆ ಅದರ ಪಕ್ಕದಲ್ಲಿರಬೇಕು, ಎಳೆಯುವ ಕಾರಿನ ಸಂಖ್ಯೆ ಟ್ರೇಲರಿನ ಹಿಂಬದಿಯಲ್ಲೂ ಕಾಣಬೇಕು. ಕ್ಲಬ್ಬಿನ ಅಂಗಳದಲ್ಲಿ ತಳ್ಳಾಡುವ ಗಾಡಿಯನ್ನೇ ಹೆದ್ದಾರಿಗೆ ತರುವುದು ಸಲ್ಲದು. ವಿಮೆಯವರ ಹತ್ತಿರ, ನಾನು ದೋಣಿ ಎಳೆಯುತ್ತೇನೆ ಎಂದು ಬಾಯಿಬಿಟ್ಟು ಹೇಳಿ, ಅವರ ಉತ್ತರವನ್ನು ಬರಹದಲ್ಲಿ ತೆಗೆದುಕೊ.

ಇನ್ನು ಗಾಡಿಗೆ ಬರೋಣ. ಎಂಟರ್‌ಪ್ರೈಸ್ ಉದ್ದ 4 ಮೀಟರು, ಒಡಲಿನ ತೂಕ 94 ಕಿಲೋ. ಇಷ್ಟೇ ತಾನೇ, ಕಾರಿಗೆ ಗೊತ್ತೇ ಆಗುವುದಿಲ್ಲ ಅನ್ನಿಸುತ್ತದೆ. ಗೊತ್ತಾಗದಿರುವುದೇ ಕಷ್ಟ. ಹಗುರವಾದ ಟ್ರೇಲರಿಗೆ ಸಾಮಾನ್ಯವಾಗಿ ಅದರದೇ ಬ್ರೇಕ್ ಇರುವುದಿಲ್ಲ, ನೀನು ಬ್ರೇಕ್ ತುಳಿದಾಗ ಅದು ಹಿಂದಿನಿಂದ ದೂಡುತ್ತಲೇ ಇರುತ್ತದೆ. ಆದ್ದರಿಂದ ಮುಂದಿನ ವಾಹನಕ್ಕೆ ಮಾಮೂಲಿಗಿಂತ ಎರಡು ಪಟ್ಟು ಅಂತರ ಬಿಡು. ಆ ಅಂತರದೊಳಗೆ ಯಾರಾದರೂ ನುಗ್ಗುತ್ತಾರೆ, ನುಗ್ಗಲಿ. ಮತ್ತೆ ಅಂತರ ಮಾಡಿಕೊ. ದಾರಿಯುದ್ದಕ್ಕೂ ಇದನ್ನೇ ಮಾಡುತ್ತಿರಬೇಕು, ಬೇಸರ ಮಾಡಿಕೊಳ್ಳಬಾರದು.

ತೂಕದ ಹಂಚಿಕೆ ತುಂಬ ಮುಖ್ಯ. ದೋಣಿ, ಟ್ರೇಲರ್ ಎಲ್ಲ ಸೇರಿ 300 ಕಿಲೋ ಆದರೆ, ಕಾರಿನ ಕೊಕ್ಕೆಯ ಮೇಲೆ 20 ಕಿಲೋದಷ್ಟು ಭಾರ ಕೂರಬೇಕು, ಅಂದರೆ ನೂರಕ್ಕೆ ಏಳರ ಹತ್ತಿರ. ಮನೆಯಲ್ಲಿ ಮೈತೂಕ ನೋಡುವ ಯಂತ್ರದ ಮೇಲೆ ಒಂದು ಮರದ ತುಂಡು ನಿಲ್ಲಿಸಿ, ಅದರ ಮೇಲೆ ಟ್ರೇಲರಿನ ಮೂತಿ ಇಟ್ಟರೆ ತಿಳಿಯುತ್ತದೆ. ಕಡಿಮೆಯಿದ್ದರೆ ದೋಣಿಯನ್ನು ಒಂದಿಷ್ಟು ಮುಂದಕ್ಕೆ ಸರಿಸು. ಜಾಗವಿದೆಯೆಂದು ಟೆಂಟು, ನೀರಿನ ಕ್ಯಾನು, ಐಸ್ ಪೆಟ್ಟಿಗೆಗಳನ್ನು ದೋಣಿಯ ಹಿಂಭಾಗದಲ್ಲಿ ತುಂಬಬೇಡಿ. ಹಿಂಭಾರವಾದ ಟ್ರೇಲರ್ ಮೊದಲು ಚೆನ್ನಾಗಿಯೇ ಓಡುತ್ತದೆ. ಎಲ್ಲೋ ಒಂದು ಇಳಿಜಾರಿನಲ್ಲಿ, ಪಕ್ಕದಲ್ಲಿ ಬಸ್ಸೊಂದು ರಭಸದಿಂದ ಹಾದಾಗ, ಯಾರೋ ಹಿಂದಿನಿಂದ ಸೊಂಟ ಹಿಡಿದು ಜಗ್ಗಿದ ಹಾಗೆ ಕಾರು ಅತ್ತಿತ್ತ ತೂಗತೊಡಗುತ್ತದೆ. ಆಗ ಯಾರಿಗಾದರೂ ತೋಚುವುದು ಬ್ರೇಕ್ ಒತ್ತುವುದು, ಇಲ್ಲವೇ ಸ್ಟೀರಿಂಗನ್ನು ಎದುರು ದಿಕ್ಕಿಗೆ ತಿರುಗಿಸುವುದು. ಎರಡನ್ನೂ ಮಾಡಬೇಡ. ಆಕ್ಸಿಲರೇಟರಿನಿಂದ ಕಾಲು ತೆಗೆ, ಸ್ಟೀರಿಂಗನ್ನು ನೆಟ್ಟಗೆ ಗಟ್ಟಿಯಾಗಿ ಹಿಡಿ, ವೇಗ ತಾನಾಗಿ ಇಳಿಯಲು ಬಿಡು. ತೂಗಾಟ ನಿಂತ ಮೇಲೆ ಬದಿಗೆ ನಿಲ್ಲಿಸಿ ಭಾರವನ್ನು ಮತ್ತೆ ಹಂಚು. ಈ ಮಾತನ್ನು ಕಾರು ಓಡಿಸುವ ಪ್ರತಿಯೊಬ್ಬರ ಬಾಯಲ್ಲೂ ಹೇಳಿಸು. ಆ ಕ್ಷಣದಲ್ಲಿ ಯೋಚಿಸಲು ಪುರುಸೊತ್ತಿರುವುದಿಲ್ಲ. ವೇಗ 60 ದಾಟದಿದ್ದರೆ ಆ ಕ್ಷಣವೇ ಬರದಿರುವ ಸಂಭವ ಹೆಚ್ಚು.

ಬೇರಿಂಗ್ ಬಗ್ಗೆ ಹೇಳದಿದ್ದರೆ ನನಗೆ ನಿದ್ದೆ ಬಾರದು. ಟ್ರೇಲರಿನ ಚಕ್ರ ಸಣ್ಣದು, ಕಾರಿನ ಚಕ್ರ ಒಂದು ಸುತ್ತು ಸುತ್ತುವಷ್ಟರಲ್ಲಿ ಇದು ಇನ್ನೂ ಹೆಚ್ಚು ಸುತ್ತಿರುತ್ತದೆ. ಗಂಟೆಗಟ್ಟಲೆ ಓಡಿ, ಬೇರಿಂಗ್ ಕೂತಿರುವ ಹಬ್ ಬಿಸಿಯಾಗಿರುತ್ತದೆ. ನೀವು ದಡಕ್ಕೆ ಬಂದ ಉತ್ಸಾಹದಲ್ಲಿ ನೇರವಾಗಿ ಟ್ರೇಲರನ್ನು ನೀರಿಗೆ ಹಿಮ್ಮೆಟ್ಟಿಸುತ್ತೀರಿ. ಬಿಸಿ ಹಬ್ ತಣ್ಣೀರಿಗೆ ತಾಗಿದೊಡನೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಸಿಹಿನೀರಾದರೆ ಗ್ರೀಸ್ ಹಾಳು, ಉಪ್ಪುನೀರಾದರೆ ಗ್ರೀಸೂ ಹಾಳು, ಗುಂಡುಗಳೂ ತುಕ್ಕು. ಅಲ್ಲೇ ಏನೂ ಆಗುವುದಿಲ್ಲ. ಮರಳಿ ಬರುವಾಗ ನೂರು ಇನ್ನೂರು ಕಿಲೋಮೀಟರ್ ಕಳೆದ ಮೇಲೆ, ರಾತ್ರಿ ಹೊತ್ತಿನಲ್ಲಿ ಚಕ್ರವೇ ಕಳಚಿ ಕಾರನ್ನು ಹಿಂದಿಕ್ಕಿ ಓಡುತ್ತದೆ. ಅದಕ್ಕೇ ನೀರಿನ ಅಂಚಿಗೆ ಬಂದ ಮೇಲೆ ಅರ್ಧ ಗಂಟೆ ಸುಮ್ಮನೆ ನಿಲ್ಲಿ. ಆ ಹೊತ್ತಿನಲ್ಲಿ ಹಾಯಿಕಂಬ ಸಿದ್ಧಮಾಡಿ, ಕಾಫಿ ಕುಡಿಯಿರಿ. ಆದಷ್ಟೂ ಹಬ್ ಮುಳುಗಿಸದೆ, ನಾಲ್ವರೂ ಕೈಹಚ್ಚಿ ದೋಣಿಯನ್ನು ಎತ್ತಿ ಇಳಿಸಿದರೆ ಇನ್ನೂ ಲೇಸು. 94 ಕಿಲೋ ನಾಲ್ಕು ಜನಕ್ಕೆ ಹೆಚ್ಚಲ್ಲ. ಮಲ್ಪೆಯಿಂದ ಹೊರಡುವ ಮುನ್ನ ಇಡೀ ಟ್ರೇಲರಿಗೆ ಸಿಹಿನೀರಿನ ಸ್ನಾನ ಆಗಬೇಕು.

ಪ್ರತಿ ನಿಲುಗಡೆಯಲ್ಲೂ ಎರಡೂ ಹಬ್‌ಗಳನ್ನು ಅಂಗೈಯಿಂದ ಮುಟ್ಟಿ ನೋಡುವುದು ಒಬ್ಬರ ಕೆಲಸ ಎಂದು ಗೊತ್ತುಮಾಡು. ಬೆಚ್ಚಗಿದ್ದರೆ ಸರಿ. ಕೈ ಇಟ್ಟುಕೊಳ್ಳಲಾಗದಷ್ಟು ಸುಟ್ಟರೆ, ಇಲ್ಲವೇ ಒಂದು ಕಡೆ ಬೆಚ್ಚಗೆ ಇನ್ನೊಂದು ಕಡೆ ಬಿಸಿ ಇದ್ದರೆ, ಅಲ್ಲಿಗೆ ಪ್ರಯಾಣ ನಿಂತಿತು ಎಂದೇ ತಿಳಿ. ಒಂದು ಜೊತೆ ಬೇರಿಂಗ್, ಸೀಲ್, ಸ್ಪ್ಲಿಟ್ ಪಿನ್, ಗ್ರೀಸ್ ಡಬ್ಬಿ ಕಾರಿನಲ್ಲೇ ಇರಲಿ. ಟ್ರೇಲರಿನ ಅಳತೆಯದೇ ಹೆಚ್ಚುವರಿ ಚಕ್ರವೂ ಇರಲಿ. ಆಂಬೂರಿನಲ್ಲೋ ಪಿರಿಯಾಪಟ್ಟಣದಲ್ಲೋ ಒಳ್ಳೆಯ ಮೆಕ್ಯಾನಿಕ್ ಸಿಗುತ್ತಾನೆ, ಅವನ ಕೈಗೆ ಕೊಡಲು ಸರಿಯಾದ ಬಿಡಿಭಾಗ ನಿನ್ನ ಬಳಿ ಇದ್ದರೆ ಒಂದು ಗಂಟೆಯ ಕೆಲಸ. ಇಲ್ಲದಿದ್ದರೆ ಎರಡು ದಿನ. ಕಾರಿನ ಜಾಕ್ ಟ್ರೇಲರಿನ ಅಡಿಗೆ ಕೂರುತ್ತದೆಯೇ ಎಂದು ಮನೆಯಲ್ಲೇ ನೋಡಿಕೊ. ಅನೇಕ ಸಲ ಕೂರುವುದಿಲ್ಲ.

ದೋಣಿ ಕಟ್ಟುವಾಗ ಪಟ್ಟಿ ಅಂಚಿಗೆ ತಾಗುವ ಕಡೆ ಹಳೆಯ ರಗ್ಗಿನ ತುಂಡು ಇಡು. ಉದ್ದನೆಯ ಪಟ್ಟಿಗೆ ಒಂದೆರಡು ತಿರುಚು ಕೊಟ್ಟರೆ ಗಾಳಿಗೆ ಬಡಿದುಕೊಳ್ಳುವುದಿಲ್ಲ. ಹೊರಟು ಪೂನಮಲ್ಲಿ ದಾಟುತ್ತಲೇ ನಿಲ್ಲಿಸಿ ಮತ್ತೆ ಬಿಗಿ ಮಾಡು, ಮೊದಲ 20 ಕಿಲೋಮೀಟರಿನಲ್ಲಿ ಎಲ್ಲವೂ ಕೂತು ಸಡಿಲವಾಗಿರುತ್ತದೆ. ಚುಕ್ಕಾಣಿಯನ್ನು ಬಿಚ್ಚಿ ಕಾರಿನೊಳಗೆ ಇಟ್ಟುಕೊ. ಹಾಯಿಕಂಬ ದೋಣಿಗಿಂತ ಉದ್ದ, ಹಿಂದಕ್ಕೆ ಚಾಚಿಕೊಂಡಿರುತ್ತದೆ. ಅದರ ತುದಿಗೆ ಹಗಲಿನಲ್ಲಿ ಕೆಂಪು ಬಟ್ಟೆ, ಕತ್ತಲಲ್ಲಿ ಕೆಂಪು ದೀಪ ಎರಡೂ ಬೇಕು. ಬೈಕಿನವರ ಕಣ್ಣಿನ ಎತ್ತರಕ್ಕೇ ಅದು ಇರುತ್ತದೆ ಎಂಬುದನ್ನು ಮರೆಯಬೇಡ.

ಈಗ ದಾರಿ. ಚೆನ್ನೈಯಿಂದ ಬೆಂಗಳೂರಿಗೆ ಸುಮಾರು 350 ಕಿಲೋಮೀಟರ್, ಅಲ್ಲಿಂದ ಕೆಆರ್‌ಎಸ್‌ಗೆ ಇನ್ನೊಂದು 140. ಎಲ್ಲವನ್ನೂ ಒಂದೇ ದಿನ ಮಾಡುವುದನ್ನು ಕೈಬಿಡು. ಬೆಳಗಿನ ಜಾವ 3ಕ್ಕೆ ಹೊರಡುವ ಚಟ ನಮ್ಮ ಊರಿನವರೆಲ್ಲರಿಗೂ ಇದೆ, ಟ್ರಾಫಿಕ್ ಸಿಗುವುದಿಲ್ಲ ಎಂದು. ಹಿಂದಿನ ರಾತ್ರಿ ಸಾಮಾನು ಕಟ್ಟಿ, ಹರಟೆ ಹೊಡೆದು, ನಿದ್ದೆಯಿಲ್ಲದೆ ಹೊರಡುತ್ತೀರಿ. ಅದೇ ಹೊತ್ತಿಗೆ ರಾತ್ರಿಯೆಲ್ಲ ಓಡಿಸಿದ ಲಾರಿ ಚಾಲಕನ ರೆಪ್ಪೆಯೂ ಭಾರವಾಗಿರುತ್ತದೆ. ಕೃಷ್ಣಗಿರಿಯಿಂದಾಚೆ, ಶೂಳಗಿರಿ, ಹೊಸೂರಿನ ಎತ್ತರಕ್ಕೆ ಏರಿದಂತೆ ಜನವರಿಯ ಮುಂಜಾವದಲ್ಲಿ ಮಂಜು ಕವಿದಿರುತ್ತದೆ. ದೀಪವಿಲ್ಲದೆ ಬದಿಗೆ ನಿಂತ ಲಾರಿ ಆ ಮಂಜಿನಲ್ಲಿ ಹತ್ತಿರ ಬರುವ ತನಕ ಕಾಣುವುದಿಲ್ಲ. ಚೆನ್ನಾಗಿ ನಿದ್ದೆ ಮಾಡಿ, ತಿಂಡಿ ತಿಂದು, ಬೆಳಕಾದ ಮೇಲೆ ಹೊರಡಿ. ವಾಲಾಜಾಪೇಟೆಯವರೆಗೆ ರಸ್ತೆ ಅಗಲಿಸುವ ಕೆಲಸ ಬಹುಕಾಲದಿಂದ ನಡೆದಿದೆ, ತಿರುಗುದಾರಿಗಳಲ್ಲಿ ಇದ್ದಕ್ಕಿದ್ದಂತೆ ಏರುತಗ್ಗು ಬರುತ್ತದೆ, ಸಣ್ಣ ಚಕ್ರದ ಟ್ರೇಲರ್ ಅಲ್ಲಿ ಜಿಗಿಯುತ್ತದೆ. ಆಂಬೂರಿನಲ್ಲಿ ಬಿರಿಯಾನಿ ತಿನ್ನದೆ ಬರುವುದಿಲ್ಲ ಎಂದು ನಿಮ್ಮ ಪಟ್ಟಿಯಲ್ಲಿದೆ. ತಿನ್ನಿ, ಆದರೆ ಮುಂದಿನ ಪಾಳಿ ಓಡಿಸುವವರು ಅರ್ಧ ಹೊಟ್ಟೆಗೆ ತಿಂದು ಏಳಲಿ. ರಾತ್ರಿ ಕೃಷ್ಣಗಿರಿಯಲ್ಲೋ ಹೊಸೂರಿನಲ್ಲೋ ತಂಗಿ. ಕೋಣೆ ಕಾದಿರಿಸುವಾಗ ಬಾಡಿಗೆಗಿಂತ ಮೊದಲು, ದೋಣಿ ಸಮೇತ ಕಾರು ತಿರುಗಿಸಲು ಅಂಗಳದಲ್ಲಿ ಜಾಗವಿದೆಯೇ ಎಂದು ಕೇಳು.

ಮರುದಿನ ಮಂಜು ಕರಗಿದ ಮೇಲೆ ಅತ್ತಿಬೆಲೆ ದಾಟಿ, ಬೆಂಗಳೂರಿನ ಒಳಗೆ ಹೋಗದೆ, ಎಲೆಕ್ಟ್ರಾನಿಕ್ ಸಿಟಿ ಹತ್ತಿರ ನೈಸ್ ರಸ್ತೆ ಹಿಡಿದರೆ ಮೈಸೂರು ರಸ್ತೆಗೆ ಬಿಡುತ್ತದೆ. ಗೆಳತಿಯ ಮನೆ ಜಯನಗರದಲ್ಲಿದೆ, ಹತ್ತು ನಿಮಿಷ ಇಣುಕಿ ಬರೋಣ ಎಂಬ ಆಸೆಯನ್ನು ತಡೆದುಕೊ. ಅಲ್ಲಿಯ ಅಡ್ಡರಸ್ತೆಗಳಲ್ಲಿ ದೋಣಿ ತಿರುಗಿಸಲು ನಿನಗೂ ಆಗದು, ನನಗೂ ಆಗದು. 2023ರಲ್ಲಿ ತೆರೆದ ಬೆಂಗಳೂರು–ಮೈಸೂರು ಹೆದ್ದಾರಿ ನೆಟ್ಟಗೆ, ನುಣ್ಣಗೆ ಇದೆ. ಕಾಲು ತಾನಾಗಿ ಒತ್ತುವುದು ಅಲ್ಲೇ. ಎಡದ ಸಾಲು, 60ರ ವೇಗ, ಶ್ರೀರಂಗಪಟ್ಟಣ ಬರುವ ತನಕ ಇದನ್ನು ಬಿಡಬೇಡ.

ನಿಮ್ಮ ಕಾರಿಗೆ ತಮಿಳುನಾಡಿನ ನಂಬರು. ಕಾವೇರಿಯ ವಿಷಯಕ್ಕೆ ಎರಡೂ ಕಡೆ ಬಿಸಿಯೇರಿದ ದಿನಗಳಿದ್ದವು, 2016ರ ಸೆಪ್ಟೆಂಬರಿನಲ್ಲಿ ಈ ದಾರಿಯೇ ಮುಚ್ಚಿತ್ತು. ಅಂಥ ಸುದ್ದಿಯಿದ್ದರೆ ಹೊರಡಬೇಡಿ. ಉಳಿದಂತೆ ಮಂಡ್ಯ ಸೀಮೆಯ ಜನರ ಬಗ್ಗೆ ಅಳುಕು ಬೇಡವೇ ಬೇಡ. ಮದ್ದೂರಿನಲ್ಲಿ ವಡೆಗೆ ನಿಲ್ಲಿಸಿದರೆ ದೋಣಿಯ ಸುತ್ತ ಜನ ಸೇರುತ್ತಾರೆ. ಇದರ ಎಂಜಿನ್ ಎಲ್ಲಿ, ಬೆಲೆ ಎಷ್ಟು, ಎಷ್ಟು ಜನ ಕೂರಬಹುದು ಎಂದು ಕೇಳುತ್ತಾರೆ. ಮೈಲಾಪುರದಲ್ಲಿ ಬೆಳೆದರೂ ಮನೆಯಲ್ಲಿ ಕಲಿತ ಕನ್ನಡ ನಿನ್ನ ನಾಲಿಗೆಯಲ್ಲಿದೆ, ಸಮಾಧಾನವಾಗಿ ಉತ್ತರ ಹೇಳು. ಗಾಳಿಗೆದುರಾಗಿಯೂ ಹಾಯಿದೋಣಿ ಹೇಗೆ ಓರೆಯೋರೆಯಾಗಿ ಮುಂದೆ ಹೋಗುತ್ತದೆ ಎಂದು ಒಂದು ಮಗುವಿಗಾದರೂ ನೆಲದ ಮೇಲೆ ಗೆರೆ ಎಳೆದು ತೋರಿಸು. ನೇತ್ರಾ ಕುಮನನ್ ಹೆಸರು ಹೇಳು. ನಮ್ಮ ಚೆನ್ನೈ ಹುಡುಗಿ, ಹಾಯಿದೋಣಿಯಲ್ಲಿ ಒಲಿಂಪಿಕ್ಸಿಗೆ ಅರ್ಹತೆ ಪಡೆದ ಭಾರತದ ಮೊದಲ ಮಹಿಳೆ, 2021ರಲ್ಲಿ. ಮಡಿಕೇರಿಯಲ್ಲಿ ನಿಂತರೆ ಕೆ.ಸಿ. ಗಣಪತಿಯ ಹೆಸರು ಹೇಳು. ಕೊಡಗಿನ ಮೂಲದವರು, ಚೆನ್ನೈಯ ನೀರಿನಲ್ಲಿ ಪಳಗಿದವರು, ವರುಣ್ ಠಕ್ಕರ್ ಜೊತೆಗೂಡಿ 2018ರ ಏಷ್ಯನ್ ಗೇಮ್ಸಿನಲ್ಲಿ ಕಂಚು ಗೆದ್ದು ಟೋಕಿಯೊ ಒಲಿಂಪಿಕ್ಸಿಗೂ ಹೋದವರು. ಹಾಯಿದೋಣಿಯೆಂದರೆ ಏನೆಂದು ಹತ್ತಿರದಿಂದ ನೋಡದ ಊರುಗಳ ನಡುವೆ ನೀವು ಅದನ್ನು ಒಯ್ಯುತ್ತಿದ್ದೀರಿ, ಆ ಕುತೂಹಲವನ್ನು ಆತುರದಿಂದ ಸಾಗಹಾಕಬೇಡಿ.

ಹಿನ್ನೀರಿನಲ್ಲಿ ದೋಣಿ ಇಳಿಸಲು ಕಾವೇರಿ ನೀರಾವರಿ ನಿಗಮದ ಅನುಮತಿಯನ್ನು ಚೆನ್ನೈಯಲ್ಲಿದ್ದಾಗಲೇ ಪಡೆದಿಟ್ಟುಕೊ. ಕಟ್ಟೆಯ ಹತ್ತಿರಕ್ಕೂ ಸುಳಿಯಬೇಡಿ. ತುಂಬಿದಾಗ 124.80 ಅಡಿ ಇರುವ ನೀರು ಜನವರಿಯ ಹೊತ್ತಿಗೆ ಇಳಿಯತೊಡಗಿರುತ್ತದೆ, ಮುಳುಗಿದ ಹಳ್ಳಿಗಳ ಕಲ್ಲುಕಟ್ಟಡಗಳು ಅಲ್ಲಲ್ಲಿ ನೀರಿನ ಮಟ್ಟಕ್ಕೆ ಸಮೀಪ ಬರುತ್ತವೆ. ಅಲ್ಲಿಯ ಮೀನುಗಾರರನ್ನು ಕೇಳಿಯೇ ಅಡಿಹಲಗೆ ಪೂರ್ತಿ ಇಳಿಸಿ.

ಈಗ ಹೇಳುವುದನ್ನು ನಿಧಾನವಾಗಿ ಓದು. ಹಾಯಿಕಂಬ ನಿಲ್ಲಿಸುವ ಮುಂಚೆ ತಲೆಯೆತ್ತಿ ವಿದ್ಯುತ್ ತಂತಿ ನೋಡು. ಕೆರೆ, ಹಿನ್ನೀರುಗಳ ದಡದಲ್ಲಿ ಪಂಪ್‌ಸೆಟ್ಟಿಗೆ ಹೋಗುವ ತಂತಿಗಳಿರುತ್ತವೆ, 11 ಸಾವಿರ ವೋಲ್ಟಿನ ಸಾಲುಗಳೂ ಇರುತ್ತವೆ, ಬಿಸಿಲಿಗೆ ಜೋತು ಬಿದ್ದಿರುತ್ತವೆ. ಅಲ್ಯೂಮಿನಿಯಂ ಕಂಬ, ಅದರಿಂದ ಇಳಿದ ಉಕ್ಕಿನ ತಂತಿಗಳು, ಒದ್ದೆ ಕಾಲು, ಒದ್ದೆ ಮರಳು. ತಂತಿಗೆ ತಾಗಲೇಬೇಕೆಂದಿಲ್ಲ, ಹತ್ತಿರ ಹೋದರೂ ಸಾಕು. ಕಂಬ ನಿಲ್ಲಿಸುವ ಜಾಗ ಮಾತ್ರವಲ್ಲ, ಅಲ್ಲಿಂದ ನೀರಿನವರೆಗೆ ದೋಣಿ ತಳ್ಳಿಕೊಂಡು ಹೋಗುವ ಇಡೀ ದಾರಿಯನ್ನು ಮೊದಲು ಬರಿಗೈಯಲ್ಲಿ, ಮೇಲೆ ನೋಡುತ್ತಾ ನಡೆದು ಬಾ. ನೀರಿನ ಮೇಲೆ ಅಡ್ಡ ಹಾದ ತಂತಿಗಳನ್ನೂ ಗುರುತಿಸಿಕೊ. ಒಬ್ಬರು ಕಂಬ ಎತ್ತುವಾಗ ಇನ್ನೊಬ್ಬರು ಬೇರಾವ ಕೆಲಸವನ್ನೂ ಮಾಡದೆ ಮೇಲೆಯೇ ನೋಡುತ್ತಿರಲಿ. ಸಂಶಯ ಬಂದರೆ ಆ ಜಾಗ ಬೇಡ, ಇನ್ನೊಂದು ಕಿಲೋಮೀಟರ್ ಆಚೆ ಹೋಗಿ. ಕಂಬ ಇಳಿಸಿ ಟ್ರೇಲರಿಗೆ ಕಟ್ಟಿದ ಮೇಲೆಯೇ ಗಾಡಿ ಕದಲಬೇಕು. ಸಂಜೆ ದಣಿದು ಬಂದಾಗ, ಇಲ್ಲೇ ಹತ್ತು ಹೆಜ್ಜೆ ಎಂದು ಯಾರೋ ಒಬ್ಬರು ಹೇಳುತ್ತಾರೆ. ಆಗ ಬೇಡ ಎನ್ನುವುದು ನಿನ್ನ ಕೆಲಸ.

ಘಟ್ಟಕ್ಕೆ ಹುಣಸೂರು, ಕುಶಾಲನಗರ, ಮಡಿಕೇರಿ, ಸಂಪಾಜೆ, ಸುಳ್ಯದ ದಾರಿ ಹಿಡಿ. ಆಗುಂಬೆ, ಚಾರ್ಮಾಡಿಗಳ ನೋಟ ಸೊಗಸು, ಆದರೆ ಅಲ್ಲಿಯ ಹೇರ್‌ಪಿನ್ ತಿರುವುಗಳು ದೋಣಿಗಲ್ಲ. ತಿರುವಿನಲ್ಲಿ ಟ್ರೇಲರ್ ಕಾರಿನ ಜಾಡು ಹಿಡಿಯುವುದಿಲ್ಲ, ಒಳಮಗ್ಗುಲಿಗೆ ಅಡ್ಡ ಹಾಯುತ್ತದೆ. ಮಡಿಕೇರಿಯಿಂದ ಇಳಿಯುವಾಗ ಎರಡನೇ ಗೇರಿನಲ್ಲಿ, ಎಂಜಿನ್ನಿನ ಹಿಡಿತದಲ್ಲೇ ಇಳಿ. ಬ್ರೇಕನ್ನು ಒತ್ತಿಕೊಂಡೇ ಇದ್ದರೆ ಕಾದು ಹಿಡಿತ ಬಿಡುತ್ತದೆ. ಸುಟ್ಟ ವಾಸನೆ ಬಂದರೆ ಅಗಲವಾದ ಕಡೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ತಣಿಯುವ ತನಕ ಕಾಯಿರಿ. ನೀರು ಸುರಿಯಬೇಡಿ. ಹೊರಡುವಾಗ ಆ ಕಲ್ಲನ್ನು ರಸ್ತೆಯ ಮೇಲೆ ಬಿಟ್ಟು ಬರಬೇಡಿ. 2018ರ ಆಗಸ್ಟಿನಲ್ಲಿ ಇದೇ ದಾರಿ ಕುಸಿದು ತಿಂಗಳುಗಟ್ಟಲೆ ಸಂಚಾರ ಕೆಟ್ಟಿತ್ತು, ಹೊರಡುವ ಮುನ್ನ ಮಡಿಕೇರಿಯಲ್ಲಿ ವಿಚಾರಿಸಿ.

ಮಲ್ಪೆಯಲ್ಲಿ ಹೇಳುವುದು ಹೆಚ್ಚೇನಿಲ್ಲ, ನೀರು ನಿಮಗೆ ಗೊತ್ತು. ಕರಾವಳಿ ಕಾವಲು ಪೊಲೀಸರ ಕೇಂದ್ರ ಅಲ್ಲೇ ಇದೆ, ಅವರಿಗೆ ಹೇಳಿಯೇ ಇಳಿಯಿರಿ. ಮೀನುಗಾರಿಕೆ ಬಂದರಿನ ಬಾಯಿ ನಮ್ಮ ಕಾಸಿಮೇಡಿನ ಹಾಗೆ ದುಡಿಯುವ ಜಾಗ, ಅದಕ್ಕೆ ಅಡ್ಡ ಬರಬೇಡಿ. ಬಲೆ ಎಲ್ಲಿದೆ, ಬಂಡೆ ಎಲ್ಲಿದೆ ಎಂದು ಮೊಗವೀರ ಹಿರಿಯರೊಬ್ಬರನ್ನು ಕೇಳಿದರೆ ಯಾವ ನಕಾಶೆಯೂ ಹೇಳದ್ದನ್ನು ಹೇಳುತ್ತಾರೆ. ಸಮುದ್ರದಲ್ಲಿ ತೊಂದರೆಯಾದರೆ ಕೋಸ್ಟ್ ಗಾರ್ಡಿಗೆ 1554, ಹೆದ್ದಾರಿಯಲ್ಲಾದರೆ 1033, ಬೇರೆಲ್ಲಕ್ಕೂ 112. ನಾಲ್ವರ ಫೋನಿನಲ್ಲೂ ಇರಲಿ.

ಗೆಳೆಯರ ವಿಷಯ ಕೊನೆಗೆ ಇಟ್ಟುಕೊಂಡೆ, ಬರೆಯಲು ಸ್ವಲ್ಪ ಸಂಕೋಚವೂ ಇತ್ತು. ನೌಕಾಪಡೆಯ ದಿಲ್ನಾ, ರೂಪಾ ಇಬ್ಬರೇ ತಾರಿಣಿ ಹಾಯಿನೌಕೆಯಲ್ಲಿ 2024ರ ಅಕ್ಟೋಬರಿನಲ್ಲಿ ಗೋವಾ ಬಿಟ್ಟು, ಭೂಮಿ ಸುತ್ತಿ, 2025ರ ಮೇ ತಿಂಗಳಲ್ಲಿ ಮರಳಿದರು. ರೂಪಾ ನಮ್ಮ ಪಕ್ಕದ ಪುದುಚೇರಿಯವರು. ಎಂಟು ತಿಂಗಳ ಆ ಯಾನದಲ್ಲಿ ಒಬ್ಬರು ಎಚ್ಚರವಿದ್ದಾಗ ಇನ್ನೊಬ್ಬರು ಮಲಗಲೇಬೇಕಿತ್ತು, ಪಾಳಿಯಿಲ್ಲದೆ ಅದು ಸಾಧ್ಯವೇ ಇಲ್ಲ. ರಸ್ತೆಯಲ್ಲೂ ಹಾಗೇ ಮಾಡಿ. ಎರಡು ಗಂಟೆಗೊಮ್ಮೆ ಚಾಲಕರು ಬದಲಾಗಲಿ, ದಣಿವಾಗಿಲ್ಲ ಎಂದರೂ ಬದಲಾಗಲಿ. ಪಕ್ಕದ ಸೀಟಿನಲ್ಲಿರುವವರು ನಿದ್ದೆ ಮಾಡಬಾರದು. ನಿಮ್ಮಲ್ಲೊಬ್ಬ ವೇಗದ ಹುಡುಗ ಇದ್ದಾನೆ, ನನಗೆ ಗೊತ್ತು, ಒಳ್ಳೆಯ ಹುಡುಗ. ಅವನಿಗೆ ಮೊದಲೇ ಪ್ರೀತಿಯಿಂದ ಹೇಳು, ರಸ್ತೆಯ ಮೇಲೆ ಎಲ್ಲರೆದುರು ಹೇಳಬೇಡ. ಕಾರು ಓಡಿಸಲು ಬಾರದ ಗೆಳತಿಗೆ ಹಬ್ ಮುಟ್ಟುವ, ಪಟ್ಟಿ ನೋಡುವ, ದೀಪ ಪರೀಕ್ಷಿಸುವ ಅಧಿಕಾರ ಕೊಡು. ಅವಳು ನಿಲ್ಲಿಸಿ ಎಂದರೆ ಕಾರಣ ಕೇಳದೆ ನಿಲ್ಲಿಸಿ. ಹಣದ ಲೆಕ್ಕ ಪ್ರತಿ ರಾತ್ರಿ ಮುಗಿಯಲಿ. ಒಬ್ಬರ ಮನೆಯ ಸ್ಥಿತಿ ಉಳಿದವರಿಗಿಂತ ಬಿಗಿ ಎಂಬುದು ನಿನಗೂ ತಿಳಿದಿದೆ, ತಂಗುವ ಜಾಗ, ಊಟ ಅವರ ಶಕ್ತಿಗೆ ತಕ್ಕಂತಿರಲಿ, ಅದನ್ನು ಬಾಯಿಬಿಟ್ಟು ಹೇಳದೆಯೇ ಏರ್ಪಡಿಸು. ಕುಡಿತದ ಬಗ್ಗೆ ಒಂದೇ ಮಾತು: ಮರುದಿನ ಓಡಿಸುವವರು ಹಿಂದಿನ ರಾತ್ರಿ ಮುಟ್ಟುವಂತಿಲ್ಲ. ದಿನ ತಪ್ಪಿ, ಮಲ್ಪೆಯೇ ಕೈತಪ್ಪುವ ಹಾಗಾದರೆ ಕನ್ನಂಬಾಡಿಯಿಂದಲೇ ಹಿಂತಿರುಗಿ ಬನ್ನಿ. ಯಾರ ಮುಂದೆಯೂ ಅದಕ್ಕೆ ಸಮಜಾಯಿಷಿ ಕೊಡಬೇಕಾಗಿಲ್ಲ.

ಟ್ರೇಲರನ್ನು ಹಿಂದಕ್ಕೆ ಓಡಿಸುವುದನ್ನು ಮಾತ್ರ ಬರೆದು ಕಲಿಸಲಾಗದು. ಸ್ಟೀರಿಂಗಿನ ಕೆಳತುದಿಯನ್ನು ಹಿಡಿದು, ಟ್ರೇಲರಿನ ಹಿಂಭಾಗ ಯಾವ ಕಡೆ ಹೋಗಬೇಕೋ ಆ ಕಡೆಗೆ ಕೈ ಸರಿಸಬೇಕು ಎಂಬುದಷ್ಟೇ ಸೂತ್ರ, ಉಳಿದದ್ದು ಅಭ್ಯಾಸ. ಭಾನುವಾರ ಬೆಳಗ್ಗೆ ದೋಣಿ ಇಲ್ಲದ ಖಾಲಿ ಟ್ರೇಲರ್ ಕಟ್ಟಿಕೊಂಡು ನಾಲ್ವರೂ ಬನ್ನಿ, ಯಾವುದಾದರೂ ಖಾಲಿ ಮೈದಾನ ಹುಡುಕೋಣ. ನಾಲ್ಕು ಇಟ್ಟಿಗೆ, ಒಂದು ಮರದ ತುಂಡು ನಾನು ತರುತ್ತೇನೆ. ತೂಕದ ಯಂತ್ರವನ್ನು ನಿಮ್ಮ ಅಮ್ಮನ ಹತ್ತಿರ ಕೇಳಿ ತಾ.